ಇನ್ನೂರು ಗ್ರಾಂ

ಕೂನಾಂಬಲ್ ಊರಿನ ಕುದುರೆ ಪಂದ್ಯಕ್ಕೆ
ತಕ್ಕಡಿ ಗುಮಾಸ್ತ ನಾನು, ಶನಿವಾರ ಮಾತ್ರ.
ಉಳಿದ ದಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ,
ಕೇಳುವವರಿಗೆ.

ತಗಡಿನ ಕೋಣೆ. ನಲವತ್ತೊಂದು ಡಿಗ್ರಿ.
ನೊಣಕ್ಕೂ ಆ ಹೊತ್ತು ಹಾರುವ ಮನಸ್ಸಿಲ್ಲ.
ಜೀನು ತಬ್ಬಿಕೊಂಡು ಒಬ್ಬೊಬ್ಬರೇ ಹತ್ತುತ್ತಾರೆ,
ಕೆಂಪು ಅಂಕಿ ನಡುಗುತ್ತದೆ, ನಿಲ್ಲುತ್ತದೆ.
ಬರೆದುಕೊಳ್ಳುತ್ತೇನೆ. ಅಷ್ಟೇ ಕೆಲಸ.

ಟೆಗನ್ ಮುಲ್ವೇನಿ. ಹತ್ತೊಂಬತ್ತು ವರ್ಷ.
ಮೂರು ವರ್ಷದ ಕೆಳಗೆ ನನ್ನದೇ ಕ್ಲಾಸಿನ ಹಿಂದಿನ ಬೆಂಚು.
ಬೇಕಾದದ್ದು ಐವತ್ತನಾಲ್ಕು ಕಿಲೋ.
ತೋರಿಸಿದ್ದು ಅದರ ಮೇಲೆ ಇನ್ನೂರು ಗ್ರಾಂ.
ನಿನ್ನೆ ರಾತ್ರಿಯಿಂದ ಅವಳ ಹೊಟ್ಟೆಗೆ ಬಿದ್ದದ್ದು
ಅರ್ಧ ಬಟ್ಟಲು ಬೇಯಿಸಿದ ಎಲೆಕೋಸು,
ನಾಲ್ಕು ಚಮಚ ಡಬ್ಬಿ ಬೀನ್ಸು.
ಬೆಳಿಗ್ಗೆ ಬಿಸಿನೀರ ತೊಟ್ಟಿಯಲ್ಲಿ ಕೂತು ಬೆವರಿದ್ದಾಳೆ
ಹಬೆಗಿಟ್ಟ ಕಡುಬಿನ ಹಾಗೆ.
ಈಗ ಬಾಗಿ, ಬೇರೆಯವರಿಗೆ ಕೇಳದಂತೆ:
"ಮೇಷ್ಟ್ರೇ, ಹೊಟ್ಟೆ ತಮಟೆ ಆಗಿದೆ.
ಎಲ್ಲಾ ಬರೀ ಗಾಳಿ. ಎರಡು ನಿಮಿಷ ಕೊಡಿ,
ಹಿತ್ತಲಿಗೆ ಹೋಗಿ ಬಿಟ್ಟು ಬರುತ್ತೇನೆ."

ಕೊಟ್ಟೆ.

ಹರಿಹರದ ಸಂದಿಯಲ್ಲಿ ನನ್ನಪ್ಪ ಅಕ್ಕಸಾಲಿ.
ಗುಂಜಿ ತೂಗುವಾಗ ಫ್ಯಾನು ಆರಿಸಿ, ಕಿಟಕಿ ಹಾಕಿ,
ಮೂಗಿನ ಉಸಿರನ್ನೂ ಹಿಡಿದು ಕೂರುತ್ತಿದ್ದ.
"ಹೂಸಿದರೂ ತಕ್ಕಡಿಗೆ ಗೊತ್ತಾಗುತ್ತೆ ಕಣ್ರೋ" ಅನ್ನುತ್ತಿದ್ದ.
ನಾವು ನಗು ತಡೆದೂ ತಡೆದೂ
ತಡೆಯಬಾರದ್ದನ್ನು ಬಿಟ್ಟುಬಿಡುತ್ತಿದ್ದೆವು.
ಮೂಗುಬೊಟ್ಟು ಇಟ್ಟ ತಟ್ಟೆ ಅಲುಗುತ್ತಿತ್ತು,
ಗಿರಾಕಿ ಅಪ್ಪನನ್ನೇ ಗುಮಾನಿಯಿಂದ ನೋಡುತ್ತಿದ್ದ.

ಟೆಗನ್ ಬಂದಳು, ಮುಖ ಹಗುರ.
ಹತ್ತಿದಳು. ಐವತ್ತನಾಲ್ಕು, ಇನ್ನೂರು.
ಇಳಿದು ಮತ್ತೆ ಹತ್ತಿದಳು. ಇನ್ನೂರು.
"ಮೋಸದ ತಕ್ಕಡಿ! ಎಷ್ಟು ಹೋಯಿತು ಗೊತ್ತಾ?
ಬೇಲಿ ಮೇಲಿನ ಕಾಕಟೂಗಳು ಎದ್ದು ಹಾರಿದವು."

ಒಳಗಿನ ಮೇಷ್ಟರಿಗೆ ಬಾಯಿ ಬಂತು:
ನೋಡಮ್ಮ, ಒಂದು ಲೀಟರು ಗಾಳಿ
ಒಂದು ಗ್ರಾಮಿನ ಆಸುಪಾಸು.
ಹೊಟ್ಟೆಯಲ್ಲಿ ಅದರ ಕಾಲುಭಾಗವೂ ಇರುವುದು ಅಪರೂಪ.
ಇರುವ ಚೂರನ್ನೂ ಹೊರಗಿನ ಗಾಳಿ ಎತ್ತಿ ಹಿಡಿದಿರುತ್ತದೆ,
ಬಾವಿ ನೀರೊಳಗೆ ಕೊಡ ಹಗುರಾದ ಹಾಗೆ.
ಅದರಲ್ಲೂ ಬೀನ್ಸಿನದು. ಹೈಡ್ರೋಜನ್ ಜಾಸ್ತಿಯಿದ್ದರೆ
ಅದು ಬಲೂನಿನ ಜಾತಿ. ಬಿಟ್ಟು ಬಂದದ್ದಕ್ಕೆ, ಲೆಕ್ಕದ ಪ್ರಕಾರ,
ನೀನೀಗ ಕೂದಲೆಳೆಯಷ್ಟು ಭಾರ.

ಅವಳು ನನ್ನನ್ನೇ ನೋಡಿದಳು.
"ಮೊದಲೇ ಹೇಳಬಾರದಿತ್ತಾ? ಇಟ್ಟುಕೊಳ್ಳುತ್ತಿದ್ದೆ."
(ಹೇಳಿದ್ದೆ. ಹತ್ತನೇ ಕ್ಲಾಸಿನಲ್ಲಿ, ಊಟದ ಗಂಟೆಗೆ ಮುಂಚೆ.)

ನೀರಿಗಾದರೆ ತೂಕವುಂಟು.
ಒಂದು ಲೋಟ ಉಚ್ಚೆ ಹೊಯ್ದರೆ
ಇನ್ನೂರು ಗ್ರಾಂ ಇಳಿದೇ ಇಳಿಯುತ್ತದೆ.
ಆದರೆ ಹೊಯ್ಯಲಿಕ್ಕೆ ಅವಳೊಳಗೆ ಏನೂ ಉಳಿದಿರಲಿಲ್ಲ.
ತುಟಿ ಒಡೆದಿತ್ತು. ಉಗುಳು ದಾರದಂತೆ ಅಂಟುತ್ತಿತ್ತು.
ಇದನ್ನು ನಾನು ಹೇಳಲಿಲ್ಲ.

ಯಾರೋ ಕಾಗದದಂಥ ಬೂಟು ಎರವಲು ಕೊಟ್ಟರು.
ಕೂದಲ ಪಿನ್ನು ಕಿತ್ತು ಮೇಜಿನ ಮೇಲಿಟ್ಟಳು,
ಒಟ್ಟು ಏಳು. ಐವತ್ತನಾಲ್ಕು, ಸೊನ್ನೆ.

ಮೂರನೆಯವಳಾಗಿ ಬಂದಳು, ಮೈತುಂಬ ಕೆಂಪು ಧೂಳು.
ಮತ್ತೆ ತೂಕ. ಹಿಂದೆ ಸಾಲು, ಸಾಲಿನಲ್ಲಿ ಮುದುಕ ಕಾಫ್ಲನ್,
ಅವಳ ಕುದುರೆಯ ತರಬೇತಿದಾರ.
ಎಲ್ಲರೂ ಸುಮ್ಮನಿದ್ದ ಆ ಹೊತ್ತಲ್ಲಿ
ಹಳೇ ಪಂಚೆ ಹರಿದಂಥ ಸದ್ದು.

ಯಾರೂ ಯಾರನ್ನೂ ನೋಡಲಿಲ್ಲ.
ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನಲೂ ಇಲ್ಲ.
ಕಾಫ್ಲನ್ ಮಾತ್ರ ಯಾಕೋ
ತನ್ನ ಹೆಗಲು ಮುಟ್ಟಿ ನೋಡಿಕೊಂಡ.

ಅಂಕಿ ಅಲುಗಲಿಲ್ಲ.
ಐವತ್ಮೂರು, ಒಂಬೈನೂರು.
ನೂರು ಗ್ರಾಂ ಬೆವರು ಮೈದಾನದ ಪಾಲು.
ಉಸಿರು ಬಿಗಿಹಿಡಿದೆ, ಅಪ್ಪನ ಹಾಗೆ,
ಅಪ್ಪನ ಕಾರಣಕ್ಕಲ್ಲ,
ಬರೆದುಕೊಂಡು, ಮುಂದಿನವರನ್ನು ಕೈಸನ್ನೆಯಲ್ಲೇ ಕರೆದೆ.